ದಾರಿ ಕೇಳೋದನ್ನ ಮಗಳಿಗೇ ಬಿಡಿ

ಮಗಳಿಗೆ ಯೂನಿವರ್ಸಿಟಿಯಲ್ಲಿ ಎಂ.ಎ. ಸೀಟು ಸಿಕ್ಕಿತು ಅಂದ ಕೂಡಲೇ ನಾವು ಅಮ್ಮಂದಿರು ಏನು ಮಾಡ್ತೀವಿ ಹೇಳಿ? ಖಡಕ್ ರೊಟ್ಟಿ ಬಡಿಯೋಕೆ ಶುರು. ಶೇಂಗಾ ಚಟ್ನಿ, ಹೊಸ ಬಕೆಟ್ಟು, ಚಾದರ, ಎರಡು ಬೀಗ... ಪಟ್ಟಿ ಮುಗಿಯೋದೇ ಇಲ್ಲ. ಅಡ್ಮಿಷನ್ ದಿನ ಅಪ್ಪ ಫೀ ಕಟ್ಟಲು ಓಡಾಡ್ತಾರೆ, ಅಣ್ಣ ಫಾರ್ಮ್ ತುಂಬ್ತಾನೆ. ಮಗಳು ಮಾತ್ರ ಬ್ಯಾಗು ಕಾಯ್ತಾ ಮರದ ಕೆಳಗೆ ಕೂತಿರ್ತಾಳೆ! ಸಂಜೆ ಎಲ್ಲರೂ ಬಸ್ ಹತ್ತುವ ಹೊತ್ತಿಗೆ ಕ್ಯಾಂಪಸ್ಸಿನ ದಾರಿ ಗೊತ್ತಾಗಿರೋದು ಯಾರಿಗೆ? ವಾಪಸ್ ಹೋಗುವವರಿಗೆ. ಅಲ್ಲೇ ಎರಡು ವರ್ಷ ಇರಬೇಕಾದವಳಿಗಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಮೊದಲ ದಿನ ಮರದ ಕೆಳಗೆ ಕೂರಬೇಕಾದವರು ನಾವು. ಕೇಳಿ, ಅಲೆದು, ತಪ್ಪಿ ಮತ್ತೆ ಹುಡುಕಬೇಕಾದವಳು ಅವಳು.

ಇದೇನು ಅಂಥ ದೊಡ್ಡ ವಿಷಯ ಅನ್ನಬೇಡಿ. ನಮ್ಮ ಕಡೆ ಹೆಚ್ಚಿನ ಹುಡುಗಿಯರು ಡಿಗ್ರಿ ಓದೋದು ಊರ ಹತ್ತಿರದ ಕಾಲೇಜಿನಲ್ಲಿ. ಇಳಕಲ್ಲೋ ಹುನಗುಂದವೋ, ಬಸ್ ಇಳಿದು ನಾಲ್ಕು ಹೆಜ್ಜೆ ನಡೆದರೆ ಕಾಲೇಜು, ಒಳಗೆ ಹೋದರೆ ಒಂದೇ ಆಫೀಸು, ಒಬ್ಬರೇ ಪ್ರಿನ್ಸಿಪಾಲರು. ಅಲ್ಲಿಂದ ಒಮ್ಮೆಲೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋದರೆ? 1949ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದ ಆವರಣ 800 ಎಕರೆಗೂ ಹೆಚ್ಚು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ, ಡಿ.ಸಿ. ಪಾವಟೆಯವರು ಕುಲಪತಿಗಳಾಗಿದ್ದ ಕಾಲದಲ್ಲಿ ಬೆಳೆದ ಊರೇ ಅದು. ನಮ್ಮ ಕಡೆಯ ಹುಡುಗಿಯರು ಹೋಗುವ ಇನ್ನೊಂದು ಜಾಗ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ. 2003ರಲ್ಲಿ ಶುರುವಾಗಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆಯಿತು. ಅದರ ಜ್ಞಾನಶಕ್ತಿ ಆವರಣ ಇರೋದೂ ಊರ ಹೊರಗೆ, ತೊರವಿಯಲ್ಲಿ.

ಮರೋಳದಂಥ ಹಳ್ಳಿಯಿಂದ ಬಂದ ಹುಡುಗಿಯನ್ನು ನೆನೆಸಿಕೊಳ್ಳಿ. ಏತ ನೀರಾವರಿ ಯೋಜನೆಯಿಂದಾಗಿ ನೀವು ಆ ಹೆಸರು ಕೇಳಿರಬಹುದು. ಅಂಥ ಊರುಗಳಲ್ಲಿ ಬೋರ್ಡೇ ಬೇಕಿಲ್ಲ. ಹೊಸಬರು ಕಂಡರೆ ಕಟ್ಟೆ ಮೇಲಿದ್ದವರೇ “ಯಾರ ಮನಿಗೆ ಹೊಂಟೀಯವ್ವಾ?” ಅಂತ ಕೇಳಿ ಬಾಗಿಲ ತನಕ ಬಿಟ್ಟು ಬರ್ತಾರೆ. ಕ್ಯಾಂಪಸ್ಸಿನಲ್ಲಿ ಯಾರೂ ತಾವಾಗಿ ಕೇಳೋದಿಲ್ಲ, ನಾವೇ ಕೇಳಬೇಕು. ಇದು ಅಹಂಕಾರವಲ್ಲ, ಅಲ್ಲಿನ ರೀತಿ. ಇದೊಂದನ್ನು ಮೊದಲೇ ಹೇಳಿ ಕಳಿಸಿದರೆ “ಇಲ್ಲಿ ಯಾರೂ ಮಾತಾಡ್ಸೋದಿಲ್ಲಮ್ಮಾ” ಅನ್ನುವ ಅರ್ಧ ಅಳು ತಪ್ಪುತ್ತದೆ.

ಇನ್ನರ್ಧ ಅಳು ಆಫೀಸುಗಳದ್ದು. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕುಲಸಚಿವರು ಅಂದರೆ ಒಬ್ಬರಲ್ಲ, ಇಬ್ಬರು! ಆಡಳಿತಕ್ಕೊಬ್ಬರು, ಮೌಲ್ಯಮಾಪನಕ್ಕೊಬ್ಬರು. ಪರೀಕ್ಷೆ, ಅಂಕಪಟ್ಟಿಯ ಕೆಲಸವೆಲ್ಲ ಮೌಲ್ಯಮಾಪನದವರ ಕಡೆ. ಸುಮ್ಮನೆ “ರಿಜಿಸ್ಟ್ರಾರ್ ಆಫೀಸ್ ಎಲ್ಲಿ?” ಅಂತ ಕೇಳಿದರೆ ಬಿಸಿಲಲ್ಲಿ ಎರಡು ಸಲ ಅಲೆಯಬೇಕಾದೀತು. “ಅಂಕಪಟ್ಟಿ ತಿದ್ದಿಸಬೇಕು, ಯಾವ ಕಿಟಕಿ?” ಅಂತ ಕೆಲಸ ಹೇಳಿ ಕೇಳಿದರೆ ನೇರ ದಾರಿ ಸಿಗುತ್ತದೆ. ಮೊಬೈಲಿನ ಮ್ಯಾಪು ಗೇಟಿನ ತನಕ ಕರೆದುಕೊಂಡು ಹೋಗಬಹುದು, ಮೇಲಿನ ಮಹಡಿಯ ಸರಿಯಾದ ಕಿಟಕಿಗಲ್ಲ.

ದಾರಿ ಗೊತ್ತಿಲ್ಲದೇ ಹೋದರೆ ಕಳೆದುಕೊಳ್ಳೋದು ಬರೀ ಸಮಯವಲ್ಲ. ಸ್ಕಾಲರ್‌ಶಿಪ್ಪಿನ ಕಡೇ ದಿನ ದಾಟಿ ಹೋಗುತ್ತದೆ. ಹಾಸ್ಟೆಲ್ ಅರ್ಜಿ ಉಳಿಯುತ್ತದೆ. ಹುಡುಗಿ ಕುಗ್ಗಿ ಫೋನ್ ಮಾಡ್ತಾಳೆ. ಆಗ ನಮ್ಮ ಬಾಯಿಂದ ಬರೋ ಮಾತೇನು? “ಬ್ಯಾಡ ಬಿಡವ್ವಾ, ಬಂದುಬಿಡು!” ಪ್ರೀತಿಯಿಂದಲೇ ಹೇಳ್ತೀವಿ, ನಿಜ. ಆದರೆ ಹಾಗೆ ವಾಪಸ್ ಬಂದ ಹುಡುಗಿಗೆ ಮುಂದೆ ಮನೆಯಲ್ಲಿ ನಡೆಯೋದು ಕಾಲೇಜಿನ ಮಾತಲ್ಲ, ವರನ ಮಾತು. ಒಂದು ಕಿಟಕಿ ಸಿಗಲಿಲ್ಲ ಅನ್ನೋ ಕಾರಣಕ್ಕೆ ಒಂದು ಓದು ನಿಲ್ಲಬೇಕಾ?

ಹಾಗಾದರೆ ಏನು ಮಾಡೋದು? ಇಷ್ಟು ಮಾಡಿ ನೋಡಿ.

* ತರಗತಿ ಶುರುವಾಗೋಕೆ ಮೊದಲೇ ಒಂದು ದಿನ ಸುಮ್ಮನೆ ನೋಡಿಕೊಂಡು ಬನ್ನಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ತಾಯಿ-ಮಗಳಿಬ್ಬರಿಗೂ ಟಿಕೆಟ್ ಖರ್ಚಿಲ್ಲ. ಗುರುತಿನ ಚೀಟಿ ಮಾತ್ರ ಮರೆಯಬೇಡಿ.

* ಮೊದಲ ದಿನ ಐದು ಜಾಗ ಹುಡುಕಲು ಹೇಳಿ: ತನ್ನ ವಿಭಾಗ, ಗ್ರಂಥಾಲಯ, ಹಾಸ್ಟೆಲ್ ವಾರ್ಡನ್ ಕೋಣೆ, ಆರೋಗ್ಯ ಕೇಂದ್ರ, ಸ್ಕಾಲರ್‌ಶಿಪ್ ವಿಭಾಗ. ಧಾರವಾಡದಲ್ಲಾದರೆ ಪ್ರೊ. ಎಸ್.ಎಸ್. ಬಸವನಾಳ ಗ್ರಂಥಾಲಯವನ್ನೇ ಗುರುತು ಮಾಡಿಕೊಳ್ಳಲಿ, ಅಲ್ಲಿಂದ ಉಳಿದದ್ದನ್ನು ಲೆಕ್ಕ ಹಾಕಬಹುದು.

* ಒಬ್ಬರನ್ನಲ್ಲ, ಇಬ್ಬರನ್ನು ಕೇಳಲಿ. ಗೇಟಿನ ವಾಚ್‌ಮನ್‌ಗೂ, ಎರಡನೇ ವರ್ಷದ ಅಕ್ಕಂದಿರಿಗೂ ಗೊತ್ತಿರುವಷ್ಟು ಬೋರ್ಡಿಗೆ ಗೊತ್ತಿರೋದಿಲ್ಲ.

* ಹಗಲು ನೋಡಿದ ದಾರಿಯನ್ನೇ ಗೆಳತಿಯರ ಜೊತೆ ಮುಸ್ಸಂಜೆಗೊಮ್ಮೆ ನಡೆದು ನೋಡಲಿ. ಲೈಬ್ರರಿಯಿಂದ ಹಾಸ್ಟೆಲ್ಲಿಗೆ ದೀಪ ಇರುವ ದಾರಿ ಯಾವುದು ಅನ್ನೋದು ಆಗಲೇ ತಿಳಿಯೋದು.

* 2013ರ ಕಾಯ್ದೆಯ ಪ್ರಕಾರ ಇರಲೇಬೇಕಾದ ಆಂತರಿಕ ದೂರು ಸಮಿತಿ ಎಲ್ಲಿದೆ, ಅದರಲ್ಲಿ ಯಾರಿದ್ದಾರೆ ಅಂತ ತಿಳಿದಿರಲಿ. ರ‍್ಯಾಗಿಂಗ್ ದೂರಿಗೆ 1800-180-5522, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಇವು ಮೊಬೈಲಿನಲ್ಲಷ್ಟೇ ಅಲ್ಲ, ಪುಸ್ತಕದ ಹಿಂದೆಯೂ ಬರೆದಿರಲಿ.

ಹಳ್ಳಿ ಹುಡುಗಿಯರಿಗೆ ಇದೆಲ್ಲ ಬೇಕು, ನಮ್ಮ ಸಿಟಿ ಮಕ್ಕಳಿಗೆ ಯಾಕೆ ಅಂತೀರಾ? ನಿಜ ಹೇಳಬೇಕೆಂದರೆ ನಮ್ಮ ಮಕ್ಕಳ ಪಾಡೇ ಕಷ್ಟ. ಟ್ಯೂಷನ್ನಿಗೂ ಸ್ಕೂಟಿಯಲ್ಲಿ ಬಿಟ್ಟು, ಬ್ಯಾಂಕಿನ ಚಲನ್ನೂ ನಾವೇ ತುಂಬಿ ಬೆಳೆಸಿದ್ದೀವಿ. ಮರೋಳದ ಹುಡುಗಿ ಹೊಲದ ಬದು ಹಿಡಿದು ಹೋಗಿ, ಬಸ್ ಕಾದು, ಸಂತೆಯಲ್ಲಿ ನಾಲ್ಕು ಜನರನ್ನು ಮಾತಾಡಿಸಿ ಗೊತ್ತಿದ್ದವಳು. ಅವಳಿಗೆ ಬೇಕಾದದ್ದು ಒಂದಿಷ್ಟು ಧೈರ್ಯ. ನಮ್ಮ ಮಗಳಿಗೆ ಕೇಳುವ ಅಭ್ಯಾಸವೇ ಇಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮಗಳ ಜೊತೆ ಹೋಗಲೇಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ, ನೀರಿನ ಬಾಟಲಿ ಹಿಡಿದು ಕೂತಿರಿ. ಆದರೆ ಅವಳು ತಿರುಗಿ ನೋಡಿ “ಅಮ್ಮಾ, ನೀನೇ ಕೇಳು” ಅಂದಾಗ ಮಾತ್ರ ಏಳಬೇಡಿ. ಐದು ನಿಮಿಷ ತಡವಾಗಬಹುದು, ಆಗಲಿ ಬಿಡಿ. ರೊಟ್ಟಿ ಎಂಟು ದಿನಕ್ಕೆ ಖಾಲಿಯಾದೀತು, ಕೇಳಿ ತಿಳಿದುಕೊಂಡ ದಾರಿ ಎರಡು ವರ್ಷವೂ ಅವಳ ಕೈಹಿಡಿಯುತ್ತದೆ.