ವಿಶ್ವಾಸವೆಂಬುದು ವಿಮಾ ಪಾಲಿಸಿಯಲ್ಲ

ಬೆಂಗಳೂರಿನ ಪೂರ್ವಕ್ಕೆ, ಇಂದಿರಾನಗರದ ಮಗ್ಗುಲಲ್ಲಿರುವ ಜೀವನ್ ಬಿಮಾ ನಗರಕ್ಕೆ ಆ ಹೆಸರು ಬಂದದ್ದು ಜೀವ ವಿಮಾ ನಿಗಮದ ವಸತಿ ಬಡಾವಣೆಯಿಂದ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಇಂದು ಈ ಭಾಗದ ಬಾಡಿಗೆ ಮನೆಗಳಲ್ಲಿ, ಪಿ.ಜಿ.ಗಳಲ್ಲಿ ಇದ್ದಾರೆ. ಕೆಲವರು ಆಸ್ಪತ್ರೆಗಳಲ್ಲಿ ದಾದಿಯರು, ಕೆಲವರು ಕಂಪ್ಯೂಟರ್ ಕಂಪೆನಿಗಳ ನೌಕರರು. ಅದೇ ಕೇರಿಗಳಲ್ಲಿ ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ ಕಡೆಯ ಯುವಕ ಯುವತಿಯರೂ ಇದ್ದಾರೆ. ಅವರಲ್ಲಿ ಬಹುಮಂದಿ ಕ್ರೈಸ್ತರು. ಹೆಚ್ಚಿನವರು ಬ್ಯಾಪ್ಟಿಸ್ಟ್ ಅಥವಾ ಪ್ರೆಸ್ಬಿಟೇರಿಯನ್ ಸಭೆಗಳವರಾದ್ದರಿಂದ ನಮ್ಮ ಧರ್ಮಕೇಂದ್ರಗಳ ಲೆಕ್ಕಕ್ಕೆ ಅವರು ಸಿಗುವುದಿಲ್ಲ.

2012ರ ಆಗಸ್ಟ್ ತಿಂಗಳನ್ನು ನೆನೆಯೋಣ. ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರ್ ಜಿಲ್ಲೆಯಲ್ಲಿ ಭೀಕರ ಗಲಭೆ ನಡೆದಿತ್ತು. ಅದಕ್ಕೆ ಪ್ರತೀಕಾರವಾಗಿ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ಹಲ್ಲೆ ನಡೆಯಲಿದೆ, ರಂಜಾನ್ ಮುಗಿಯುವುದರೊಳಗೆ ಊರು ಬಿಡಿ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಸ್ವಾತಂತ್ರ್ಯ ದಿನದಂದು ನಗರದ ರೈಲು ನಿಲ್ದಾಣ ಜನರಿಂದ ತುಂಬಿಹೋಯಿತು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಸುಮಾರು 30,000 ಮಂದಿ ನಗರ ತೊರೆದರೆಂದು ಆಗ ವರದಿಯಾಗಿತ್ತು. ಸರಕಾರ ಭರವಸೆ ಕೊಟ್ಟಿತು, ಗೃಹ ಸಚಿವರೇ ನಿಲ್ದಾಣಕ್ಕೆ ಬಂದರು, ಮುಸ್ಲಿಂ ಮುಖಂಡರೂ ಹೋಗಬೇಡಿ ಎಂದು ಕೇಳಿಕೊಂಡರು. ಜನ ನಿಲ್ಲಲಿಲ್ಲ. ಕೊನೆಗೆ ಕೇಂದ್ರ ಸರಕಾರ ಆಗಸ್ಟ್ 17ರಂದು ಒಮ್ಮೆಗೆ 5ಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳುಹಿಸುವುದನ್ನು 15 ದಿನಗಳ ಮಟ್ಟಿಗೆ ನಿಷೇಧಿಸಿತು.

ಹೇಳಿದಂಥ ಹತ್ಯಾಕಾಂಡ ನಡೆಯಲಿಲ್ಲ. ಹಾಗೆಂದು ಓಡಿದವರನ್ನು ಹೇಡಿಗಳೆನ್ನಲು ನಮಗೆ ಮನಸ್ಸಿಲ್ಲ. ಮುಖಚಹರೆಯ ಕಾರಣಕ್ಕೆ ದಿನಾಲೂ ಬೀದಿಯಲ್ಲಿ ಹೀಯಾಳಿಕೆ ಕೇಳುವವನಿಗೆ ಒಂದು ಸುಳ್ಳು ಸುದ್ದಿ ನಂಬಲು ಹೆಚ್ಚು ಪುರಾವೆ ಬೇಕಾಗಿಲ್ಲ. ವದಂತಿ ಬರುವ ಮೊದಲೇ ಒಂಟಿತನ ಅವನ ಕೋಣೆಯಲ್ಲಿತ್ತು.

ಕರಾವಳಿಯವರಾದ ನಮಗೆ ಇನ್ನೊಂದು ಬಗೆಯ ಭಯದ ಪರಿಚಯವೂ ಇದೆ. 2008ರ ಸೆಪ್ಟೆಂಬರ್ 14 ಭಾನುವಾರ, ಪವಿತ್ರ ಶಿಲುಬೆಯ ಹಬ್ಬದ ದಿನ. ಅಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಪ್ರಾರ್ಥನಾಲಯಕ್ಕೆ ನುಗ್ಗಿದವರು ಪರಮಪ್ರಸಾದವನ್ನೂ ಬಿಡಲಿಲ್ಲ. ಮುಂದಿನ ಭಾನುವಾರ ಬೆಂಗಳೂರಿನಲ್ಲಿಯೂ ದೇವಾಲಯಗಳಿಗೆ ಹಾನಿಯಾಯಿತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗವು 2011ರ ಜನವರಿಯಲ್ಲಿ ಕೊಟ್ಟ ವರದಿಯಿಂದ ನಮ್ಮ ಸಮುದಾಯದ ಬಹುಮಂದಿಗೆ ಸಮಾಧಾನ ದೊರೆಯಲಿಲ್ಲ. ಅಂದಿನ ಭಯ ವದಂತಿಯದಲ್ಲ, ಒಡೆದ ಗಾಜು ಕಣ್ಣ ಮುಂದೆ ಇತ್ತು. ಆದ್ದರಿಂದ "ಭಯಪಡಬೇಡಿ, ಏನೂ ಆಗುವುದಿಲ್ಲ" ಎಂದು ಬೋಧಿಸುವವರನ್ನು ಕಂಡಾಗ ನಾವು ಒಂದು ಕ್ಷಣ ತಡೆಯುತ್ತೇವೆ. ಏನೂ ಆಗುವುದಿಲ್ಲ ಎಂದು ಧರ್ಮಗ್ರಂಥ ಎಲ್ಲಿ ಹೇಳಿದೆ?

ಕೋವಿಡ್ ಕಾಲದಲ್ಲಿ 91ನೇ ಕೀರ್ತನೆ ವಾಟ್ಸಾಪಿನಲ್ಲಿ ಓಡಾಡಿದಷ್ಟು ಬೇರೆ ಯಾವ ಭಾಗವೂ ಓಡಾಡಿರಲಿಕ್ಕಿಲ್ಲ. ಸೊಗಸಾದ ಕೀರ್ತನೆ, ರಾತ್ರಿ ಪ್ರಾರ್ಥನೆಯಲ್ಲಿ ಧರ್ಮಸಭೆ ಅದನ್ನು ಹಾಡುತ್ತದೆ. ಆದರೆ ಅದನ್ನೇ ಬಾಯಿಪಾಠ ಒಪ್ಪಿಸಿ, ದೇವಾಲಯದ ಶಿಖರದಿಂದ ಕೆಳಕ್ಕೆ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಯೇಸುಸ್ವಾಮಿಗೆ ಹೇಳಿದವನು ಸೈತಾನ (ಮತ್ತಾಯ 4). ಪ್ರಭು ಅದಕ್ಕೆ ಒಪ್ಪಲಿಲ್ಲ. ವಾಕ್ಯವನ್ನು ವಿಮಾ ಪತ್ರದಂತೆ ಜೇಬಿನಲ್ಲಿಟ್ಟುಕೊಂಡು ಮಾಸ್ಕ್ ಬೇಡವೆಂದವರು, ಲಸಿಕೆ ಬೇಡವೆಂದವರು ಆ ಅಧ್ಯಾಯವನ್ನು ಓದಿರಲಿಲ್ಲವೆಂದು ಕಾಣುತ್ತದೆ. ಅದೇ 2021ರಲ್ಲಿ ಪಿಪಿಇ ಉಡುಪು ತೊಟ್ಟು ಬೆಂಗಳೂರಿನ ಅನಾಥ ಶವಗಳನ್ನು ಮಣ್ಣು ಮಾಡಿದ ಕ್ರೈಸ್ತ, ಮುಸ್ಲಿಂ ಯುವಕರ ತಂಡಗಳಿಗೂ ಭಯವಿತ್ತು. ಅವರು ಉಡುಪನ್ನೂ ತೊಟ್ಟರು, ಕೆಲಸವನ್ನೂ ಮಾಡಿದರು.

ಭಯವೇ ಪಾಪವಲ್ಲ. ಗೆತ್ಸೆಮನಿ ತೋಪಿನಲ್ಲಿ ಪ್ರಭುವೇ ದಿಗಿಲುಗೊಂಡರೆಂದು ಸಂತ ಮಾರ್ಕನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಕಾರ್ಮೆಲ್ ಬೆಟ್ಟದಲ್ಲಿ ಗೆದ್ದ ಪ್ರವಾದಿ ಎಲೀಯನು ಈಜೆಬೆಲಳ ಒಂದು ಬೆದರಿಕೆಗೆ ಊರು ಬಿಟ್ಟು ಓಡಿ, ಮರುಭೂಮಿಯ ಪೊದೆಯಡಿ ಸಾವನ್ನು ಬೇಡಿದನು. ದೇವರು ಅವನನ್ನು ಗದರಿಸಲಿಲ್ಲ. ಮೊದಲು ನಿದ್ದೆ, ಬಳಿಕ ರೊಟ್ಟಿ ಮತ್ತು ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಹೋರೇಬ್ ಬೆಟ್ಟದ ಮಾತುಕತೆ ಬಂದದ್ದು ಆಮೇಲೆ. ಹೆದರಿ ಬಂದವರಿಗೆ ಮೊದಲು ಪ್ರವಚನ ಬಡಿಸುವ ನಮ್ಮಂಥ ಗುರುಗಳು ಈ ಕ್ರಮವನ್ನು ಗಮನಿಸಬೇಕು.

ಸಮುದ್ರ ಬಲ್ಲ ನಮ್ಮ ಓದುಗರು ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಬೇಕು. ಸಂತ ಪೌಲನು ಕೈದಿ. ಈ ಕಾಲದಲ್ಲಿ ಪ್ರಯಾಣ ಬೇಡವೆಂದು ಮೊದಲೇ ಎಚ್ಚರಿಸಿದ್ದನು, ಯಾರೂ ಕೇಳಲಿಲ್ಲ. ಬಿರುಗಾಳಿ ಹಿಡಿದು 14ನೆಯ ರಾತ್ರಿ. ನೀರಿನ ಆಳ ನೋಡಿದರೆ 20 ಮಾರು, ಸ್ವಲ್ಪ ಮುಂದೆ 15 ಮಾರು. ಲಂಗರು ಹಾಕುವ ನೆಪದಲ್ಲಿ ನಾವಿಕರು ಸಣ್ಣ ದೋಣಿ ಇಳಿಸಿ ತಾವಷ್ಟೇ ಪಾರಾಗಲು ನೋಡುತ್ತಾರೆ. ಪೌಲನು ಅದನ್ನು ಕಂಡು ಶತಾಧಿಪತಿಗೆ ತಿಳಿಸುತ್ತಾನೆ, ಸೈನಿಕರು ಹಗ್ಗ ಕತ್ತರಿಸುತ್ತಾರೆ. ದೇವದೂತನ ಮಾತು ಕೇಳಿದ ಮನುಷ್ಯ ನಾವಿಕರ ಕೈಮೇಲೂ ಕಣ್ಣಿಟ್ಟಿದ್ದ! ಬೆಳಗಾಗುವಾಗ ಎಲ್ಲರಿಗೂ ಊಟ ಮಾಡಿರೆಂದು ಹೇಳಿ, ರೊಟ್ಟಿ ತೆಗೆದುಕೊಂಡು ದೇವರಿಗೆ ಸ್ತೋತ್ರ ಸಲ್ಲಿಸಿ ತಾನೇ ಮೊದಲು ತಿನ್ನುತ್ತಾನೆ. ಹಡಗಿನಲ್ಲಿದ್ದವರು 276 ಮಂದಿ, ಹೆಚ್ಚಿನವರು ಅನ್ಯಧರ್ಮೀಯರು. ಹಡಗು ಉಳಿಯುವುದೆಂದು ಅವನು ಹೇಳಲೇ ಇಲ್ಲ. ಹಡಗು ಹೋಗುತ್ತದೆ, ಜೀವಗಳು ಉಳಿಯುತ್ತವೆ ಎಂದನು. ಹಾಗೆಯೇ ಆಯಿತು, ಕೆಲವರು ಈಜಿದರು, ಕೆಲವರು ಹಲಗೆ ಹಿಡಿದು ದಡ ಸೇರಿದರು.

ಇಂದು ನಮ್ಮ ಕಣ್ಣ ಮುಂದೆ ಇರುವುದು ಹೀಗೆ ಹಲಗೆ ಹಿಡಿದು ಬಂದವರೇ. 2023ರ ಮೇ 3ರಂದು ಮಣಿಪುರದಲ್ಲಿ ಆರಂಭವಾದ ಹಿಂಸೆ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು, ಸುಮಾರು 60,000 ಜನರನ್ನು ಮನೆಯಿಂದ ಹೊರಹಾಕಿತು. ಹಲವು ಕುಟುಂಬಗಳು ಬೆಂಗಳೂರಿಗೂ ಬಂದವು. 2012ರಲ್ಲಿ ಈ ನಗರಕ್ಕೆ ಹೆದರಿ ಆ ಕಡೆಗೆ ಓಡಿದ ಜನಾಂಗಗಳವರೇ, ಅಲ್ಲಿನ ಬೆಂಕಿಗೆ ಹೆದರಿ ಈ ಕಡೆಗೆ ಬಂದರು. ಕುಕಿಗಳೂ ಮೈತೇಯಿಗಳೂ ಒಂದೇ ನಗರದಲ್ಲಿ ಬಾಡಿಗೆಗಿದ್ದಾರೆಂಬುದನ್ನು ಸೇವೆಗೆ ಹೊರಡುವವರು ನೆನಪಿಡಬೇಕು. ಒಂದೇ ಕಡೆಯವರ ಕಣ್ಣೀರು ಒರೆಸುವುದು ಸುಲಭ.

ನಮ್ಮ ಊರುಗಳಲ್ಲಿ ವಾಳೆಯ ಗುರ್ಕಾರ್ ಮನೆಮನೆಗೆ ಹೋಗುತ್ತಾರೆ, ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಅವರಿಗೆ ಗೊತ್ತು. ನಗರದ ಪಿ.ಜಿ. ಕೋಣೆಗಳಿಗೆ ಗುರ್ಕಾರ್ ಇಲ್ಲ. ಬೆಂಗಳೂರಿನ ಧರ್ಮಕೇಂದ್ರಗಳ ಕಿರು ಸಮುದಾಯಗಳಲ್ಲಿ ದುಡಿಯುತ್ತಿರುವ ಕರಾವಳಿಯ ಬಂಧುಗಳು, ಮುಂದಿನ ವದಂತಿ ಬರುವುದಕ್ಕೆ ಮುಂಚೆಯೇ, ತಮ್ಮ ಬೀದಿಯ ಈಶಾನ್ಯದವರ ಹೆಸರು, ಸಭೆ, ದೂರವಾಣಿ ಸಂಖ್ಯೆ ತಿಳಿದುಕೊಳ್ಳಲಿ. ಬೀದಿಯ ಮಸೀದಿಯ, ದೇವಸ್ಥಾನದ ಹಿರಿಯರ ಪರಿಚಯವಿರಲಿ, ಠಾಣೆಯ ಅಧಿಕಾರಿಗಳ ಪರಿಚಯವೂ ಇರಲಿ. ಹೆದರಿಸುವ ಸಂದೇಶ ಬಂದರೆ ಮುಂದಕ್ಕೆ ಕಳುಹಿಸದೆ 112ಕ್ಕೆ ಕರೆ ಮಾಡಿ ವಿಚಾರಿಸಲಿ. ಅಷ್ಟರಲ್ಲಿ ಹೆದರಿದವರನ್ನು ಮನೆಗೆ ಕರೆದು ಕುಚ್ಚಲಕ್ಕಿ ಗಂಜಿಯೋ ಚಹಾವೋ ಕೊಡಲಿ. ಮಾಲ್ಟ ದ್ವೀಪದವರು ಪೌಲನ ಧರ್ಮ ಯಾವುದೆಂದು ಕೇಳದೆ, ಮಳೆಯಲ್ಲಿ ನಡುಗುತ್ತಿದ್ದ ಅಷ್ಟೂ ಮಂದಿಗೆ ಮೊದಲು ಬೆಂಕಿ ಹಾಕಿಕೊಟ್ಟರು.