ಊಟಕ್ಕೆ ಹೊತ್ತು ಕೊಡದವರ ಪಥ್ಯೋಪದೇಶ

ದೇಶದಲ್ಲಿ ಅನ್ನಕ್ಕೆ ಬರ ಬಂದರೂ ಬರಬಹುದು, ಉಪದೇಶಕ್ಕೆ ಬರವಿಲ್ಲ. 2016ರಿಂದ ಸರ್ಕಾರ ವರ್ಷಕ್ಕೊಮ್ಮೆ ಆಯುರ್ವೇದ ದಿನ ಆಚರಿಸುತ್ತಿದೆ. 2025ರಿಂದ ಅದಕ್ಕೆ ಸೆಪ್ಟೆಂಬರ್ 23 ಎಂದು ತಾರೀಖೂ ನಿಗದಿಯಾಗಿದೆ. ಉಳಿದ ದಿನಗಳಲ್ಲಿ ಟಿ.ವಿ., ಮೊಬೈಲು, ಗೋಡೆಯ ಕ್ಯಾಲೆಂಡರು ಆ ಕೆಲಸ ಮಾಡುತ್ತವೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಿ, ತಾಮ್ರದ ಚೊಂಬಿನ ನೀರು ಕುಡಿಯಿರಿ, ಹಸಿದಾಗ ಉಣ್ಣಿ, ಉಂಡು ನೂರು ಹೆಜ್ಜೆ ನಡೆಯಿರಿ, ಹಗಲು ಮಲಗಬೇಡಿ, ರಾತ್ರಿ ಅರಿಶಿನದ ಹಾಲು ಕುಡಿದು ಬೇಗ ಮಲಗಿ.

ಒಳ್ಳೆಯ ಮಾತೇ. ಆದರೆ ಯಾರಿಗೆ ಹೇಳಿದ ಮಾತು? ರಾತ್ರಿ ಪಾಳಿ ಮುಗಿಸಿ ಬೆಳಗಾದ ಮೇಲೆ ಮನೆ ಸೇರುವ ನೂಲಿನ ಖಾತೆಯ ಕೆಲಸಗಾರ ಯಾವ ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು? ಹಗಲು ಮಲಗದೆ ಅವನು ಎಂದು ಮಲಗಬೇಕು? ಗಿರಾಕಿ ಬಂದಾನೆಂದು ಮಧ್ಯಾಹ್ನ ಮೂರಕ್ಕೆ ಗಲ್ಲಾಪೆಟ್ಟಿಗೆಯ ಮುಂದೆಯೇ ನಾಲ್ಕು ತುತ್ತು ನುಂಗುವ ಸಣ್ಣ ಅಂಗಡಿಯವನು ನೂರು ಹೆಜ್ಜೆ ಎಲ್ಲಿಗೆ ಹಾಕಬೇಕು?

ನಾವು ಆಯುರ್ವೇದವನ್ನು ಹಳಿಯಲು ಹೊರಟವರಲ್ಲ. ಅಜೀರ್ಣಕ್ಕೆ ಜೀರಿಗೆ ಕಷಾಯ, ನೆಗಡಿಗೆ ಶುಂಠಿ ಮೆಣಸು, ಬೇಸಗೆಯಲ್ಲಿ ಉಪ್ಪು ಹಾಕಿದ ನೀರು ಮಜ್ಜಿಗೆ, ಬೆಳಗ್ಗೆ ರಾಗಿ ಅಂಬಲಿ, ವಾರದಲ್ಲಿ ನಾಲ್ಕು ದಿನ ಸೊಪ್ಪಿನ ಸಾರು: ಇವನ್ನು ನಮಗೆ ಕಲಿಸಿದವರು ಯಾವ ಕಂಪನಿಯ ವೈದ್ಯರೂ ಅಲ್ಲ, ನಮ್ಮ ತಾಯಂದಿರು. ಅದು ಜನರ ಆಸ್ತಿ. ನಮ್ಮ ತಕರಾರು ಆ ಆಸ್ತಿಯ ಹೆಸರಿನಲ್ಲಿ ನಡೆಯುವ ಮೋಸದ ಮೇಲೆ.

ಉಪದೇಶಕರು ಮರೆಮಾಚುವ ಒಂದು ಅಧ್ಯಾಯವನ್ನು ನಾವೇ ತೆರೆದು ತೋರಿಸುತ್ತೇವೆ. ಚರಕ ಸಂಹಿತೆಯ ಸೂತ್ರಸ್ಥಾನದ 7ನೇ ಅಧ್ಯಾಯದಲ್ಲಿ ದೇಹದ ಹದಿಮೂರು ವೇಗಗಳನ್ನು ಹೆಸರಿಸಿ, ಇವನ್ನು ತಡೆಯಕೂಡದು, ತಡೆದರೆ ರೋಗ ಬರುತ್ತದೆ ಎಂದು ಹೇಳಿದೆ. ಮಲ, ಮೂತ್ರ, ಸೀನು, ತೇಗು, ಆಕಳಿಕೆ, ಕಣ್ಣೀರು ಆ ಪಟ್ಟಿಯಲ್ಲಿವೆ. ಅವುಗಳ ಜೊತೆಗೇ ಹಸಿವು ಇದೆ, ಬಾಯಾರಿಕೆ ಇದೆ, ನಿದ್ದೆ ಇದೆ, ದುಡಿದು ದಣಿದಾಗ ಬರುವ ಏದುಸಿರೂ ಇದೆ. ಈಗ ಹೇಳಿ: ಇವನ್ನು ತಡೆಯುವವರು ಯಾರು? ಹಸಿವನ್ನು ತಡೆಯುವುದು ಪಾಳಿಯ ಗಂಟೆ. ಏದುಸಿರನ್ನು ತಡೆಯುವುದು ಯಂತ್ರದ ವೇಗ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಪಾಯಿಖಾನೆಗೆ ಹೋದರೆ ಮೇಲ್ವಿಚಾರಕ ಗಡಿಯಾರ ನೋಡುತ್ತಾನೆ. ಆ ಮಾತಿಗೆ ಅಂಜಿ ಅವರು ನೀರನ್ನೇ ಕುಡಿಯುವುದಿಲ್ಲ. ಮೂತ್ರದ ಉರಿ ಬಂದ ಮೇಲೆ ಅವರಿಗೆ ಸಿಗುವ ಸಲಹೆ, ಬಾರ್ಲಿ ನೀರು ಕುಡಿಯಮ್ಮ! ಚರಕನನ್ನು ಪೂಜಿಸುವವರು ಚರಕನ ಮಾತನ್ನು ಕಾರ್ಖಾನೆಯ ಬಾಗಿಲಲ್ಲೇ ಚಪ್ಪಲಿಯ ಜೊತೆ ಬಿಡಿಸುತ್ತಾರೆ.

ಕಾನೂನು ಏನು ಮಾಡಿತು? 1948ರ ಕಾರ್ಖಾನೆ ಕಾಯಿದೆ, ಐದು ತಾಸಿಗೆ ಮೀರಿ ವಿರಾಮವಿಲ್ಲದೆ ದುಡಿಸಕೂಡದು ಎಂದಿತ್ತು. 2023ರಲ್ಲಿ ಕರ್ನಾಟಕದ ವಿಧಾನಮಂಡಲ ಅದನ್ನು ತಿದ್ದಿ, ವಿರಾಮವಿಲ್ಲದ ದುಡಿಮೆಯನ್ನು ಆರು ತಾಸಿಗೂ, ವಾರಕ್ಕೆ 48 ತಾಸಿನ ಮಿತಿಯೊಳಗೆ ದಿನದ ದುಡಿಮೆಯನ್ನು 12 ತಾಸಿಗೂ ಎಳೆಯಲು ದಾರಿ ಮಾಡಿಕೊಟ್ಟಿತು. 2025ರ ನವೆಂಬರ್ 21ರಂದು ಆ ಹಳೆಯ ಕಾಯಿದೆಯ ಜಾಗಕ್ಕೆ ಕೇಂದ್ರದ ಹೊಸ ಸಂಹಿತೆ ಬಂದಿದೆ. ಹಿಂದೆ 250ಕ್ಕಿಂತ ಹೆಚ್ಚು ಜನರಿದ್ದಲ್ಲಿ ಕ್ಯಾಂಟೀನ್ ಬೇಕಿತ್ತು. ಈಗ ಗುತ್ತಿಗೆಯವರೂ ಸೇರಿ ನೂರು ಜನರಿದ್ದರೆ ಬೇಕು. ಕಾಗದದ ಮೇಲೆ ಇದು ಒಳ್ಳೆಯದು. ಕಾಗದ ತಟ್ಟೆಗೆ ಇಳಿಯುವಂತೆ ಮಾಡುವುದು ಸಂಘದ ಕೆಲಸ.

ಬೆಲ್ಲದ ಕಥೆಯನ್ನು ಗಿರಣಿಯವರು ಬಲ್ಲರು. ಹತ್ತಿಯ ಧೂಳು ಗಂಟಲಿಗೆ ಹೋದರೆ ಬೆಲ್ಲ ತಿನ್ನು, ಇಳಿದುಹೋಗುತ್ತದೆ ಎಂಬುದು ಹಳೆಯ ನಂಬಿಕೆ. 1994ರಲ್ಲಿ ಲಕ್ನೋದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ, ಶ್ವಾಸಕೋಶದ ಧೂಳನ್ನು ಹೊರಹಾಕಲು ಬೆಲ್ಲ ನೆರವಾಗಬಹುದೆಂದು ಬರೆದರು. ಇರಲಿ, ಬೆಲ್ಲ ತಿನ್ನೋಣ. ಆದರೆ ಬ್ಲೋರೂಮು, ಕಾರ್ಡಿಂಗ್ ಖಾತೆಗಳಲ್ಲಿ ವರ್ಷಗಟ್ಟಲೆ ದುಡಿದವನಿಗೆ ರಜೆ ಮುಗಿದ ಮೊದಲ ದಿನ ಎದೆ ಬಿಗಿಹಿಡಿಯುವುದಕ್ಕೆ ಬಿಸಿನೋಸಿಸ್ ಎಂದು ಹೆಸರು. ಅದು ಕಾನೂನೇ ಒಪ್ಪಿ ಪರಿಹಾರದ ಪಟ್ಟಿಗೆ ಸೇರಿಸಿದ ಕಸುಬಿನ ರೋಗ. ಬೆಳೆಯಲು ಬಿಟ್ಟರೆ ಪುಪ್ಪುಸ ಮತ್ತೆ ಮೊದಲಿನಂತಾಗುವುದಿಲ್ಲ. ಅದಕ್ಕೆ ಮದ್ದು ಧೂಳು ಹೀರುವ ಯಂತ್ರ, ಬೆಲ್ಲದ ಉಂಡೆಯಲ್ಲ. ಯಂತ್ರಕ್ಕೆ ದುಡ್ಡು ಬೇಕು, ಬೆಲ್ಲ ಅಗ್ಗ. ಮಾಲೀಕರಿಗೆ ಬೆಲ್ಲದ ಮೇಲೆ ಇಷ್ಟು ಭಕ್ತಿ ಹುಟ್ಟಿದ್ದು ಹೀಗೆ.

ಇನ್ನು ಪೇಟೆಯ ಮಾತು. ನಮ್ಮ ಊರುಗಳ ಗ್ರಂಧಿಗೆ ಅಂಗಡಿಯಲ್ಲಿ ಅಳಲೆಕಾಯಿ, ಹಿಪ್ಪಲಿ, ಒಣಶುಂಠಿ, ಅತಿಮಧುರ ಬಿಡಿಯಾಗಿ ತೂಗಿ ಸಿಗುತ್ತಿತ್ತು, ಈಗಲೂ ಸಿಗುತ್ತದೆ. ಗಿರಾಕಿ ಮೂಸಿ, ಮುರಿದು ನೋಡಿ ಕೊಳ್ಳುತ್ತಾನೆ. ಅದೇ ಸರಕನ್ನು ಪುಡಿಮಾಡಿ, ಡಬ್ಬಿಗೆ ತುಂಬಿ, ಋಷಿಯ ಚಿತ್ರ ಅಂಟಿಸಿ, ಹಲವು ಪಟ್ಟು ಬೆಲೆಗೆ ಮಾರುವ ದೊಡ್ಡ ಬಂಡವಾಳ ಇಂದು ಆ ಅಂಗಡಿಯವನ ಅನ್ನಕ್ಕೂ ಕೈ ಹಾಕಿದೆ. 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ ಪೇಟೆಂಟ್ ಕೊಟ್ಟಾಗ ನಮ್ಮ ವಿಜ್ಞಾನ ಸಂಸ್ಥೆ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಪರದೇಶಿ ಕಳ್ಳನನ್ನು ಹಿಡಿದೆವು; ಸ್ವದೇಶಿ ಕಳ್ಳನಿಗೆ ಹಾರ ಹಾಕುತ್ತಿದ್ದೇವೆ.

ಸರಕಾದರೂ ಶುದ್ಧವೇ? 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳ ಜೇನನ್ನು ಪರೀಕ್ಷಿಸಿದಾಗ ಎಲ್ಲ ಪರೀಕ್ಷೆಗಳಲ್ಲೂ ಪಾಸಾದವು ಮೂರೇ. 2004ರಲ್ಲಿ ಅಮೆರಿಕದ ಬಾಸ್ಟನ್ ನಗರದ ಅಂಗಡಿಗಳಿಂದ ತಂದ 70 ಆಯುರ್ವೇದ ಔಷಧಿಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಸಿಕ್ಕಿತು. ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆಂಬಂಥ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಆದರೂ 2024ರಲ್ಲಿ ಸುಪ್ರೀಂ ಕೋರ್ಟು ಗದರಿಸಿದ ಮೇಲಷ್ಟೇ ಒಂದು ದೊಡ್ಡ ಕಂಪನಿ ಪತ್ರಿಕೆಗಳಲ್ಲಿ ಕ್ಷಮೆ ಅಚ್ಚು ಹಾಕಿಸಿತು.

ಹಾಗಾದರೆ ಮನೆಮದ್ದು ಬಿಡಬೇಕೇ? ಬೇಡ. ಅದರ ಗಡಿ ತಿಳಿದಿರಬೇಕು. ಭೇದಿಯಾದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಮೇಲಿಂದ ಮೇಲೆ ಕುಡಿಸಿ. ಚಮಚ ಟೀ ಚಮಚದ ಅಳತೆಯದು, ಹೆಚ್ಚು ಕಡಿಮೆ ಆಗಕೂಡದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಇಂಥದೇ ಸಕ್ಕರೆ ಉಪ್ಪಿನ ನೀರಿನಿಂದ ಕಾಲರಾ ರೋಗಿಗಳನ್ನು ಸಾವಿರಗಟ್ಟಲೆ ಉಳಿಸಿದರು. ಬಡವರ ಮದ್ದು ವಿಜ್ಞಾನದ ಮದ್ದೂ ಆಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಎರಡು ವಾರ ಮೀರಿದ ಕೆಮ್ಮಿಗೆ ಕಷಾಯ ಕಾಸುತ್ತ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ ದುಡ್ಡಿಲ್ಲ. ಎದೆನೋವಿಗೆ ಬೆಳ್ಳುಳ್ಳಿ ಅಗಿಯುತ್ತ ಹೊತ್ತು ಕಳೆಯಬೇಡಿ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ.

ಆಸ್ಪತ್ರೆ ಎಂದರೆ ಇ.ಎಸ್.ಐ. ನೆನಪಾಗುತ್ತದೆ. 2019ರಲ್ಲಿ ಅದಕ್ಕೆ ಮಾಲೀಕರು ಕೊಡುವ ವಂತಿಗೆಯನ್ನು ಕೂಲಿಯ ನೂರಕ್ಕೆ 4.75ರಿಂದ 3.25ಕ್ಕೆ ಇಳಿಸಿದರು. ಒಂದು ಕೈಯಲ್ಲಿ ಆಸ್ಪತ್ರೆಯ ದುಡ್ಡು ಕಡಿತ, ಇನ್ನೊಂದು ಕೈಯಲ್ಲಿ ಕಷಾಯದ ಲೋಟ! ಸಣ್ಣ ವ್ಯಾಪಾರಿಗಾದರೋ ಆ ಇ.ಎಸ್.ಐ. ಕೂಡ ಇಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸರಳ. ಊಟದ ಹೊತ್ತಿಗೆ ಊಟದ ಬಿಡುವು. ಕ್ಯಾಂಟೀನಿನಲ್ಲಿ ಮುದ್ದೆ, ರೊಟ್ಟಿ, ಸೊಪ್ಪು, ಕಾಳು, ಮಜ್ಜಿಗೆ. ಕುಡಿಯಲು ತಣ್ಣೀರು, ಹೋಗಲು ಚೊಕ್ಕಟ ಪಾಯಿಖಾನೆ, ಹೋಗಿ ಬಂದವರನ್ನು ಕೇಳದ ಮೇಲ್ವಿಚಾರಕ. ಹತ್ತಿ ಖಾತೆಗಳಲ್ಲಿ ಧೂಳಿನ ಅಳತೆ, ವರ್ಷಕ್ಕೊಮ್ಮೆ ಉಸಿರಿನ ಪರೀಕ್ಷೆ. ಡಬ್ಬಿಯ ಮದ್ದಿಗೆ ಕಟ್ಟುನಿಟ್ಟಿನ ತಪಾಸಣೆ. ಸಣ್ಣ ವ್ಯಾಪಾರಿಗೂ ಇ.ಎಸ್.ಐ.ನಂಥ ರಕ್ಷಣೆ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತದೆ ಗಾದೆ. ಊಟವನ್ನು ನಾವು ಬಲ್ಲೆವು. ಉಣ್ಣುವ ಹೊತ್ತನ್ನೂ ಉಣ್ಣಲು ಬೇಕಾದ ಕೂಲಿಯನ್ನೂ ಮಾಲೀಕರು ಕೊಡಲಿ. ಪಥ್ಯವನ್ನು ನಾವೇ ನೋಡಿಕೊಳ್ಳುತ್ತೇವೆ.