ನೆಟ್ಟಗಾದ ಬೆನ್ನು ನೆಟ್ಟಗೇ ಉಳಿಯುವುದೇ?

ಹತ್ತು ವರ್ಷ ದಾಟಿದ ಕೆಲವು ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಯಾವ ಸ್ಪಷ್ಟ ಕಾರಣವೂ ಕಾಣದೆ ಬೆನ್ನೆಲುಬು ಪಕ್ಕಕ್ಕೆ ಡೊಂಕಾಗಿ ತಿರುಚಿಕೊಳ್ಳುವುದುಂಟು. ವೈದ್ಯರು ಇದನ್ನು ಸ್ಕೋಲಿಯೋಸಿಸ್ ಎಂದು ಕರೆಯುತ್ತಾರೆ. ಡೊಂಕು ಸುಮಾರು 45ರಿಂದ 50 ಡಿಗ್ರಿಯನ್ನು ಮುಟ್ಟಿದಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಬೆನ್ನೆಲುಬಿನ ಮಣಿಗಳಾದ ಕಶೇರುಗಳಿಗೆ ತಿರುಪುಮೊಳೆಗಳನ್ನು ಕೂಡಿಸಿ, ಲೋಹದ ಸರಳುಗಳಿಂದ ಬಂಧಿಸಿ, ಅವು ಒಂದೇ ಎಲುಬಾಗಿ ಬೆಸೆಯುವಂತೆ ಮಾಡುವುದೇ ಈ ಚಿಕಿತ್ಸೆಯ ಸಾರ.

ಆದರೆ ಬೆಸೆದ ಭಾಗ ಮುಂದೆ ಬಾಗದು. ಅದರ ಹೊರೆ ಮೇಲಿನ ಮತ್ತು ಕೆಳಗಿನ ಕಶೇರುಗಳ ಮೇಲೆ ಬೀಳುತ್ತದೆ. ಕೆಲವರಲ್ಲಿ ಸರಳಿನ ಮೇಲ್ತುದಿಯಲ್ಲಿ ಬೆನ್ನು ಮುಂದಕ್ಕೆ ಗೂನಾಗುತ್ತದೆ. ಕೆಲವರಲ್ಲಿ ಕೆಳತುದಿಯಿಂದಾಚೆಗೆ ಡೊಂಕು ಬೆಳೆಯುತ್ತದೆ. ಇನ್ನು ಕೆಲವರ ಭುಜಗಳು ಸಮನಾಗಿ ನಿಲ್ಲುವುದಿಲ್ಲ. ಇಂತಹ ತೊಡಕು ಯಾರಿಗೆ ಬಂದೀತೆಂದು ವಯಸ್ಸು, ಉಳಿದಿರುವ ಬೆಳವಣಿಗೆ, ಡೊಂಕಿನ ಕೋನ, ಸರಳು ನಿಲ್ಲುವ ಕಶೇರು ಇವುಗಳನ್ನು ಗಣಿಸಿ ಮೊದಲೇ ಹೇಳಲು ಗಣಕಯಂತ್ರದ ನೆರವಿನಿಂದ ಯತ್ನಗಳು ನಡೆದಿವೆ. ಈ ಯತ್ನ ಸ್ವಾಗತಾರ್ಹ. ಆದರೆ ಭವಿಷ್ಯ ನುಡಿಯುವ ವಿದ್ಯೆಯು ಭೂತಕಾಲದ ಪಾಠವೊಂದನ್ನು ಮರೆಯಬಾರದು.

ಅಮೆರಿಕದ ಹ್ಯೂಸ್ಟನ್ ನಗರದ ಪಾಲ್ ಹ್ಯಾರಿಂಗ್ಟನ್ 1962ರಲ್ಲಿ ಪ್ರಕಟಿಸಿದ ಸರಳಿನ ವಿಧಾನವು ಅಸಂಖ್ಯ ಮಕ್ಕಳಿಗೆ ವರವಾಯಿತು. ಎದುರಿನಿಂದ ತೆಗೆದ ಕ್ಷಕಿರಣ ಚಿತ್ರದಲ್ಲಿ ಡೊಂಕು ಬಹುಮಟ್ಟಿಗೆ ತಿದ್ದಿದಂತೆ ಕಾಣುತ್ತಿತ್ತು. ಆದರೆ ಪಕ್ಕದಿಂದ ನೋಡಿದಾಗ ಸೊಂಟದಲ್ಲಿ ಸಹಜವಾಗಿ ಇರಬೇಕಾದ ಒಳಬಾಗು, ಸರಳು ಕೆಳಗಿನವರೆಗೂ ಹೋದ ಹಲವರಲ್ಲಿ, ಚಪ್ಪಟೆಯಾಗಿತ್ತು. ವರ್ಷಗಳು ಉರುಳಿದ ಮೇಲೆ ಅಂಥವರಲ್ಲಿ ಕೆಲವರು ಮುಂದಕ್ಕೆ ಬಾಗಿ, ನೋವಿನಿಂದ ಬಳಲತೊಡಗಿದರು. 2001ರಲ್ಲಿ ಲೆಂಕೆ ಮತ್ತು ಸಂಗಡಿಗರು ಪ್ರಕಟಿಸಿದ ವರ್ಗೀಕರಣದಲ್ಲಿ ಪಾರ್ಶ್ವನೋಟಕ್ಕೂ ಸ್ಥಾನ ದೊರೆತಿರುವುದು ಗಮನಾರ್ಹ. ಅಳೆಯದೆ ಬಿಟ್ಟುದನ್ನು ಯಾವ ಗಣಿತವೂ ಮುನ್ಸೂಚಿಸಲಾರದು.

ಆದ್ದರಿಂದ ಒಂದೆರಡು ವರ್ಷಗಳ ದಾಖಲೆ ಸಾಲದು. ಚಿಕಿತ್ಸೆ ಪಡೆದ ಮಗು ಪ್ರೌಢವಯಸ್ಸಿಗೆ ಬರುವವರೆಗೂ ಅದರ ಬೆನ್ನನ್ನು ಪರೀಕ್ಷಿಸುತ್ತಿರಬೇಕು. ಒಂದು ಆಸ್ಪತ್ರೆಯ ದಾಖಲೆಗಳಿಂದ ಕಲಿತ ಯಂತ್ರವು ಅಲ್ಲಿನ ಶಸ್ತ್ರವೈದ್ಯರ ರೂಢಿಗಳನ್ನೂ ಕಲಿತಿರುತ್ತದೆ. ಬೇರೆ ಆಸ್ಪತ್ರೆಗಳ ರೋಗಿಗಳಲ್ಲಿ ಪರೀಕ್ಷೆಗೆ ಒಳಗಾಗದ ಮುನ್ಸೂಚನೆಯನ್ನು ನಂಬುವುದು ತರವಲ್ಲ.

ಇನ್ನೊಂದು ಅಪಾಯವೂ ಇದೆ. ನೂರರಲ್ಲಿ ಇಪ್ಪತ್ತು ಮಂದಿಗೆ ತೊಡಕು ಬರಬಹುದೆಂದು ಯಂತ್ರ ಹೇಳಿತೆನ್ನಿ. ಆ ಸಂಖ್ಯೆ ಗುಂಪಿನದು. ಎದುರಿಗಿರುವ ಹುಡುಗಿ ಎಂಬತ್ತರಲ್ಲಿ ಒಬ್ಬಳೋ ಇಪ್ಪತ್ತರಲ್ಲಿ ಒಬ್ಬಳೋ ಅದು ಹೇಳದು. ಸಂಖ್ಯೆಗೆ ಅಂಜಿ ಇನ್ನೂ ಎರಡು ಕಶೇರುಗಳನ್ನು ಬೆಸೆದರೆ ತೊಡಕು ತಪ್ಪಲೂಬಹುದು. ಆದರೆ ಅಷ್ಟು ಬಾಗುವಿಕೆಯನ್ನು ಆಕೆ ಜೀವನಪರ್ಯಂತ ಕಳೆದುಕೊಳ್ಳುತ್ತಾಳೆ. ಕ್ಷಕಿರಣ ಚಿತ್ರದಲ್ಲಿ ಕಂಡ ಪ್ರತಿಯೊಂದು ಕೋನವೂ ನೋವನ್ನು ತರುವುದಿಲ್ಲ. ಕಳೆದುಹೋದ ಚಲನೆಯಾದರೋ ಮರಳಿ ಬಾರದು. ಈ ಎರಡನ್ನೂ ತೂಗಿ ನೋಡುವ ಕಾರ್ಯ ಯಂತ್ರದ್ದಲ್ಲ. ಅದು ವೈದ್ಯರದು, ತಾಯಿತಂದೆಯರದು, ಎಲ್ಲಕ್ಕೂ ಮಿಗಿಲಾಗಿ ಆ ಬೆನ್ನನ್ನು ಹೊತ್ತು ಬಾಳಬೇಕಾದ ಮಗುವಿನದು. ಮುನ್ಸೂಚನೆ ಸಲಹೆಯಾಗಿರಲಿ, ತೀರ್ಪಾಗದಿರಲಿ.